ದಾವಣಗೆರೆಯಿಂದ ಯೆರೆವಾನ್‌ಗೆ: ಫುಟ್ಸಾಲ್ ಚಾಂಪಿಯನ್ಸ್ ಲೀಗ್ ನೋಡಲು ಹೋಗುವವರಿಗೆ

ಯುರೋಪಿನ ದೊಡ್ಡ ಕ್ಲಬ್‌ಗಳ ಆಟ ಹತ್ತಿರದಿಂದ ನೋಡಬೇಕು ಅಂತ ಆಸೆ ಇದೆಯಾ? ಹಾಗಾದ್ರೆ ಮೊದಲು ಫುಟ್ಸಾಲ್ (ಹಾಲ್ ಒಳಗೆ ತಂಡಕ್ಕೆ ಐದೈದು ಜನ ಆಡುವ ಫುಟ್‌ಬಾಲ್) ಫೈನಲ್ಸ್‌ಗೆ ಹೋಗಿ. ದೊಡ್ಡ ಸ್ಟೇಡಿಯಂ ಆಮೇಲೆ ನೋಡಿದರಾಯ್ತು. ಒಂದೇ ಹಾಲ್, ನಾಲ್ಕೇ ತಂಡ, ಒಂದು ವಾರಾಂತ್ಯದಲ್ಲಿ ಎಲ್ಲಾ ಮುಗಿಯುತ್ತದೆ.

2024ರಲ್ಲಿ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ನಡೆಸುವ ಫುಟ್ಸಾಲ್ ಚಾಂಪಿಯನ್ಸ್ ಲೀಗ್‌ನ ಕೊನೆಯ ಹಂತ ನಡೆಯಿತು. ಸ್ಪೇನ್‌ನ ಬಾರ್ಸಿಲೋನಾ, ಪಾಲ್ಮಾ, ಪೋರ್ಚುಗಲ್‌ನ ಸ್ಪೋರ್ಟಿಂಗ್, ಬೆನ್‌ಫಿಕಾ ತಂಡಗಳು ಬಂದಿದ್ದವು. ಮೇ 3ರ ಶುಕ್ರವಾರ ಸೆಮಿಫೈನಲ್‌ಗಳು, 5ರ ಭಾನುವಾರ ಫೈನಲ್. ನಾನು, ನನ್ನ ಗೆಳೆಯ ಇಬ್ಬರೂ ಹೋಗಿದ್ದೆವು.

ನಮ್ಮೂರಿಂದ ಹೊರಡುವವರಿಗೆ ಮೊದಲ ಮಾತು. ರೈಲಿನಲ್ಲಿ ಹೋದರೆ ಬೆಂಗಳೂರು ಊರೊಳಗೆ ಇಳಿಯುತ್ತೀರಿ, ಅಲ್ಲಿಂದ ಟ್ರಾಫಿಕ್‌ನಲ್ಲಿ ಏರ್‌ಪೋರ್ಟ್‌ಗೆ ಮತ್ತೆ ದೂರ. ಮೂರು ನಾಲ್ಕು ಜನ ಇದ್ದರೆ ಕಾರು ಮಾಡಿಕೊಳ್ಳಿ, ಚಿತ್ರದುರ್ಗ, ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬನ್ನಿ, ಬೆಂಗಳೂರನ್ನು ಮುಟ್ಟೋದೇ ಬೇಡ. ಅಲ್ಲಿಂದ ವಿಮಾನ ಶಾರ್ಜಾ ಅಥವಾ ದುಬೈನಲ್ಲಿ ಬದಲಾಯಿಸಬೇಕು. ನಡುವಿನ ಸಮಯ ತೀರಾ ಕಮ್ಮಿ ಇರುವ ಟಿಕೆಟ್ ತಗೋಬೇಡಿ. ಗುರುವಾರವೇ ತಲುಪುವ ಹಾಗೆ ನೋಡಿಕೊಳ್ಳಿ. ಸೆಮಿಫೈನಲ್ ದಿನವೇ ಇಳಿದು, ನಿದ್ದೆಗಣ್ಣಲ್ಲಿ ಹಾಲ್‌ಗೆ ಹೋದರೆ ಏನು ಸುಖ?

ಅರ್ಮೇನಿಯಾಕ್ಕೆ ಇ-ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಮ್ಯಾಚ್ ಟಿಕೆಟ್ ಮೂರನ್ನೂ ಪ್ರಿಂಟ್ ಹಾಕಿ ಕೈಯಲ್ಲಿಟ್ಟುಕೊಳ್ಳಿ, ಮೊಬೈಲ್ ಒಂದನ್ನೇ ನಂಬಬೇಡಿ. ದುಡ್ಡು ಡಾಲರ್‌ನಲ್ಲಿ ಒಯ್ದು ಅಲ್ಲಿ ದ್ರಾಮ್ ಮಾಡಿಸಿ.

ಪಂದ್ಯ ನಡೆದದ್ದು ಕರೆನ್ ದೆಮಿರ್ಚ್ಯಾನ್ ಕಾಂಪ್ಲೆಕ್ಸ್‌ನಲ್ಲಿ. ಗುಡ್ಡದ ಮೇಲಿದೆ. ಮೆಟ್ರೋ ಇಳಿದು ನಡೆಯೋದಕ್ಕಿಂತ ಆ್ಯಪ್‌ನಲ್ಲಿ ಟ್ಯಾಕ್ಸಿ ಹಿಡಿಯೋದು ವಾಸಿ.

ಈಗ ಸೀಟಿನ ವಿಷಯ, ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಎಲ್ಲರಿಗೂ ಕೆಳಗಿನ ಸಾಲು ಬೇಕು, ಗೋಲಿನ ಹಿಂದೆ ಬೇಕು. ಬೇಡ. ಉದ್ದದ ಬದಿಯಲ್ಲಿ, ಮಧ್ಯಕ್ಕೆ, ಸ್ವಲ್ಪ ಮೇಲಿನ ಸಾಲು ತಗೊಳ್ಳಿ. ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ ಅಷ್ಟೇ, ಎಲ್ಲಿ ಕೂತರೂ ಹತ್ತಿರವೇ. ಆದರೆ ಆಟಗಾರರು ಒಬ್ಬರ ಜಾಗಕ್ಕೆ ಒಬ್ಬರು ಸುತ್ತುತ್ತಾ ಹೋಗುವುದು, ಒಬ್ಬ ಸುಮ್ನೆ ಓಡಿ ಇಬ್ಬರನ್ನು ಎಳೆದುಕೊಂಡು ಹೋಗಿ ಇನ್ನೊಬ್ಬನಿಗೆ ಜಾಗ ಮಾಡುವುದು, ಇದೆಲ್ಲ ಮೇಲಿನಿಂದ ಮಾತ್ರ ಕಾಣುತ್ತದೆ. ದಾವಣಗೆರೆಯ ಟರ್ಫ್‌ಗಳಲ್ಲಿ ರಾತ್ರಿ ಲೈಟ್ ಹಾಕಿ ನಾವು ಆಡುವಾಗ ಬಾಲ್ ಇದ್ದಲ್ಲಿಗೆ ಎಲ್ಲರೂ ನುಗ್ಗುತ್ತೇವೆ, ಅಲ್ವಾ? ಅಲ್ಲಿ ಬಾಲ್ ಇಲ್ಲದವನೇ ಜಾಸ್ತಿ ಕೆಲಸ ಮಾಡುತ್ತಾನೆ.

ಹೋಗುವ ಮೊದಲು ನಿಯಮ ತಿಳಿದುಕೊಳ್ಳಿ. 20 ನಿಮಿಷದ ಎರಡು ಅವಧಿ, ಆದರೆ ಬಾಲ್ ಹೊರಗೆ ಹೋದರೆ ಗಡಿಯಾರ ನಿಲ್ಲುತ್ತದೆ. ಹಾಗಾಗಿ ಒಂದು ಪಂದ್ಯಕ್ಕೆ ಒಂದೂವರೆ ಗಂಟೆ ಹಿಡಿಯಿರಿ. ಬದಿಗೆರೆ ದಾಟಿದ ಬಾಲನ್ನು ಕಾಲಿನಿಂದ ಒಳಗೆ ಹಾಕುವ ಕಿಕ್-ಇನ್‌ಗೆ 4 ಸೆಕೆಂಡ್ ಮಾತ್ರ. ಒಂದು ಅವಧಿಯಲ್ಲಿ ತಂಡದ ಫೌಲ್‌ಗಳು ಐದು ದಾಟಿದರೆ ಆರನೆಯದರಿಂದ ಎದುರಾಳಿಗೆ ಅಡ್ಡ ನಿಲ್ಲುವ ಆಟಗಾರರ ಗೋಡೆಯೇ ಇಲ್ಲದ ಕಿಕ್, 10 ಮೀಟರ್‌ನಿಂದ. ಹಾಗಾಗಿ ಸ್ಕೋರ್‌ಬೋರ್ಡ್‌ನಲ್ಲಿ ಗೋಲಿನ ಜೊತೆ ಫೌಲ್ ಲೆಕ್ಕವನ್ನೂ ನೋಡುತ್ತಿರಿ. ನಾಲ್ಕೋ ಐದೋ ಆದಾಗ ಡಿಫೆಂಡರ್‌ಗಳು ಕಾಲು ಹಾಕಲು ಹೆದರುವುದು ಕಣ್ಣಿಗೆ ಕಾಣುತ್ತದೆ.

ಫೈನಲ್‌ನಲ್ಲಿ ಪಾಲ್ಮಾ 5-1ರಿಂದ ಬಾರ್ಸಿಲೋನಾವನ್ನು ಸೋಲಿಸಿತು. ಮಯೋರ್ಕಾ ದ್ವೀಪದ ತಂಡ, ಹಿಂದಿನ ವರ್ಷ ತನ್ನೂರಲ್ಲೇ ಮೊದಲ ಸಲ ಕಪ್ ಗೆದ್ದಿತ್ತು. ಆಗ ಇವರ ಗೋಲ್‌ಕೀಪರ್ ಆಗಿದ್ದ ಲುವಾನ್ ಮುಲ್ಲರ್ ಗೋಲಿನಲ್ಲೇ ನಿಲ್ಲುವ ಆಸಾಮಿ ಅಲ್ಲ. ಮುಂದೆ ಬಂದು ಐದನೇ ಆಟಗಾರನಾಗಿ ಪಾಸ್ ಹಂಚುತ್ತಾನೆ. ಹಿಂದೆ ಗೋಲು ಖಾಲಿ! ಆ ಧೈರ್ಯವನ್ನು ನೋಡಲಿಕ್ಕಾದರೂ ಅಷ್ಟು ದೂರ ಹೋಗಬೇಕು ಅಂತ ನನಗೆ ಮನಸಾರೆ ಅನ್ನಿಸಿತು.

ಶನಿವಾರ ಬಿಡುವು. ಗಾರ್ನಿ ದೇವಾಲಯ, ಗೆಘಾರ್ಡ್ ಮಠ ಒಂದೇ ಸುತ್ತಿನಲ್ಲಿ ಆಗುತ್ತವೆ. ಸಸ್ಯಾಹಾರಿಗಳು ಸೊಪ್ಪು ತುಂಬಿದ ಝೆಂಗ್ಯಾಲೋವ್ ಹಾತ್ಸ್ ಎಂಬ ರೊಟ್ಟಿ ಕೇಳಿ ತಿನ್ನಿ, ಚೆನ್ನಾಗಿರುತ್ತದೆ. ಲವಾಶ್ ರೊಟ್ಟಿ ಎಲ್ಲೆಲ್ಲೂ ಸಿಗುತ್ತದೆ, ಅದಕ್ಕೆ ಮನೆಯಿಂದ ಶೇಂಗಾ ಚಟ್ನಿಪುಡಿ ಒಯ್ದರೆ ಊಟದ ಚಿಂತೆ ಮುಗಿಯಿತು. ನೀರು ಕೊಳ್ಳಬೇಕಾಗಿಲ್ಲ, ರಸ್ತೆ ಬದಿಯಲ್ಲೇ ಕುಡಿಯುವ ನೀರಿನ ಚಿಲುಮೆಗಳಿವೆ.

ಫೈನಲ್ಸ್ ಪ್ರತಿ ವರ್ಷ ಊರು ಬದಲಾಯಿಸುತ್ತದೆ. 2025ರಲ್ಲಿ ಫ್ರಾನ್ಸ್‌ನ ಲ ಮಾನ್‌ನಲ್ಲಿ ನಡೆಯಿತು, ಪಾಲ್ಮಾ ಸತತ ಮೂರನೇ ಸಲ ಗೆದ್ದಿತು. ಇಂಥ ಕಡೆಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ನಿಮ್ಮ ಮೆಚ್ಚಿನ ತಂಡ ಸೆಮಿಫೈನಲ್ ತಲುಪಲಿ ಅಂತ ಕಾಯುತ್ತಾ ಕೂತರೆ ವೀಸಾ ಸ್ಲಾಟ್ ಸಿಗುವುದೇ ಕಷ್ಟ. ಊರು ಪ್ರಕಟವಾದ ಕೂಡಲೇ ಪಾಸ್‌ಪೋರ್ಟ್ ತೆಗೆದು ಅವಧಿ ಎಷ್ಟಿದೆ ನೋಡಿ, ಕೆಲಸ ಶುರು ಮಾಡಿ.