ಚಿಕ್ಕಬೆಟ್ಟದ ಮೇಲೊಂದು ಪಾಠ

ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು ಜೈನಧರ್ಮದ ಪಾಠವನ್ನು ಮಹಾವೀರನಿಂದ ಶುರುಮಾಡುತ್ತಿರಲಿಲ್ಲ. "ಅವನು ಸ್ಥಾಪಕನಲ್ಲ ಕಣ್ರಯ್ಯಾ, 24ನೆಯ ತೀರ್ಥಂಕರ" ಎಂದು, ದಾರಿ ತೋರಿದ ಆ ಗುರುಗಳಲ್ಲಿ ಮೊದಲಿಗನಾದ ಆದಿನಾಥನಿಂದಲೇ ಹೊರಡುತ್ತಿದ್ದರು. ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಅಪರಿಗ್ರಹ (ಕೂಡಿಡದಿರುವುದು) ಇವುಗಳ ಜೊತೆಗೆ ಬ್ರಹ್ಮಚರ್ಯವನ್ನು ಪ್ರತ್ಯೇಕ ವ್ರತವಾಗಿ ಮಹಾವೀರ ಸೇರಿಸಿದ್ದು, ಪಾವಾಪುರಿಯಲ್ಲಿ ಅವನ ನಿರ್ವಾಣ, ಇವೆಲ್ಲ ಬೇಗ ಮುಗಿಯುತ್ತಿದ್ದವು. ಕರ್ಮದ ವಿಚಾರಕ್ಕೆ ಬಂದರೆ ಮಾತ್ರ ಗಂಟೆ ಹೊಡೆದರೂ ನಿಲ್ಲಿಸುತ್ತಿರಲಿಲ್ಲ. ಜೈನರಿಗೆ ಕರ್ಮವೆಂದರೆ ಆತ್ಮಕ್ಕೆ ಅಂಟುವ ಸೂಕ್ಷ್ಮ ದ್ರವ್ಯ. ಹೊಸದು ಬರದಂತೆ ತಡೆಯುವುದು ಸಂವರ, ಅಂಟಿದ್ದನ್ನು ತಪಸ್ಸಿನಿಂದ ಉದುರಿಸುವುದು ನಿರ್ಜರೆ. ಸೃಷ್ಟಿಕರ್ತನೆಂಬ ದೇವರಿಲ್ಲ.

ಹಾಗಾದರೆ ಬಸದಿಯಲ್ಲಿ ಕೈಮುಗಿಯುವುದು ಯಾರಿಗೆ ಎಂದು ಯಾರೋ ಕೇಳಿದರು. ಮೇಷ್ಟ್ರು ಜೈನರ ಮೂಲ ಪ್ರಾರ್ಥನೆಯಾದ ಣಮೋಕಾರ ಮಂತ್ರವನ್ನು ಬೋರ್ಡಿನ ಮೇಲೆ ಬರೆದು, ಇದರಲ್ಲಿ ಒಬ್ಬರ ಹೆಸರಾದರೂ ಇದೆಯೇ ನೋಡಿ ಎಂದರು. ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು. ಎಲ್ಲವೂ ಸಾಧನೆಯ ಹಂತಗಳು, ಅಷ್ಟೇ. ವರ ಬೇಡುವ ಮಾತೂ ಇಲ್ಲ. ಅಷ್ಟು ನಿಷ್ಠುರವಾದ, ಅಷ್ಟು ವಿನಯದ ಪ್ರಾರ್ಥನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶ್ರವಣಬೆಳಗೊಳದ ಪ್ರವಾಸದಲ್ಲಿ ನಾವೆಲ್ಲ ಗೊಮ್ಮಟನತ್ತ ಓಡುವ ಆತುರದಲ್ಲಿದ್ದೆವು. ಅವರು ನಮ್ಮನ್ನು ಮೊದಲು ಎದುರಿನ ಚಿಕ್ಕಬೆಟ್ಟಕ್ಕೆ ಹತ್ತಿಸಿದರು. ಬರಗಾಲ ಬರುವುದೆಂದು ತಿಳಿದ ಭದ್ರಬಾಹು ಮುನಿಗಳ ಸಂಘ ದಕ್ಷಿಣಕ್ಕೆ ಬಂತು, ಮೌರ್ಯ ಚಂದ್ರಗುಪ್ತ ಇಲ್ಲೇ ದೇಹ ಬಿಟ್ಟ ಎಂಬುದು ಪರಂಪರೆಯ ನಂಬಿಕೆ. ಅದನ್ನು ಹೇಳಿ, ಬಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕ್ರಿ.ಶ. 700ರ ಸುಮಾರಿನ ನಂದಿಸೇನ ಮುನಿಯ ಶಾಸನವನ್ನು ಬೆರಳು ತಾಗಿಸದೆ, ಗಾಳಿಯಲ್ಲೇ ಅಕ್ಷರ ತೋರಿಸುತ್ತ ಓದಿದರು. ರೂಪ, ಭೋಗ, ಐಶ್ವರ್ಯವೆಲ್ಲ ಕಾಮನಬಿಲ್ಲು, ಮಿಂಚು, ಮಂಜಿನ ಹಾಗೆ ತೋರಿ ಮರೆಯಾಗುತ್ತವೆಂದು ಅರಿತು ಆ ಮುನಿ ಸನ್ಯಸನ, ಅಂದರೆ ಅನ್ನ ಬಿಟ್ಟು ದೇಹ ತ್ಯಜಿಸುವ ಸಲ್ಲೇಖನ ವ್ರತ, ಕೈಗೊಂಡರಂತೆ. ಕನ್ನಡದಲ್ಲಿ ಅಷ್ಟು ಹಿಂದೆಯೇ ಅಂಥ ಪದ್ಯವಿತ್ತೆಂದು ತಿಳಿದು ನನಗೆ ಮೈ ಜುಮ್ಮೆಂದಿತ್ತು.

ಅನ್ನ ಬಿಟ್ಟು ಸಾಯುವುದು ಆತ್ಮಹತ್ಯೆಯಲ್ಲವೇ ಎಂಬ ಪ್ರಶ್ನೆಯೂ ಅಲ್ಲೇ ಎದ್ದಿತು. ಮೇಷ್ಟ್ರು ಗದರಲಿಲ್ಲ. ಆವೇಶದಲ್ಲಿ ಸಾಯುವುದು ಬೇರೆ. ಸಲ್ಲೇಖನ ಗುರುವಿನ ಅನುಮತಿಯಿಂದ, ಕಷಾಯಗಳನ್ನೂ (ಕ್ರೋಧ, ಲೋಭದಂಥ ಮನೋವಿಕಾರಗಳನ್ನೂ) ಶರೀರವನ್ನೂ ಮೆಲ್ಲಗೆ ಕೃಶಗೊಳಿಸುವ ವ್ರತ ಎಂದು ಜೈನರ ನಿಲುವನ್ನು ವಿವರಿಸಿ, ನಿಮ್ಮ ಅನುಮಾನವನ್ನೂ ಇಟ್ಟುಕೊಳ್ಳಿ ಎಂದರು. 2015ರಲ್ಲಿ ರಾಜಸ್ಥಾನ ಹೈಕೋರ್ಟು ಇದನ್ನು ನಿಷೇಧಿಸಿ, ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಾಗ ಎರಡೂ ಕಡೆಯ ವಾದಗಳನ್ನು ತಾಳ್ಮೆಯಿಂದ ಓದಲು ಸಾಧ್ಯವಾದದ್ದು ಆ ಮಾತಿನಿಂದ. ಸತ್ಯಕ್ಕೆ ಹಲವು ಮುಖಗಳಿವೆ ಎನ್ನುವ ಜೈನರ ಅನೇಕಾಂತವಾದವನ್ನು ಅವರು ಬೇರೆಯಾಗಿ ಪಾಠ ಮಾಡಬೇಕಾಗಲೇ ಇಲ್ಲ.

ಆಮೇಲೆಯೇ ದೊಡ್ಡಬೆಟ್ಟ. ಗೊಮ್ಮಟ ತೀರ್ಥಂಕರನಲ್ಲ, ಆದಿನಾಥನ ಮಗ. ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯ ಬಿಟ್ಟವನು. ಗಂಗರ ಮಂತ್ರಿ ಚಾವುಂಡರಾಯ 981ರ ಹೊತ್ತಿಗೆ ಮಾಡಿಸಿದ ಆ ಮೂರ್ತಿಯ ತೊಡೆ, ತೋಳುಗಳಿಗೆ ಹಬ್ಬಿದ ಬಳ್ಳಿಯನ್ನು ನೋಡುತ್ತ ನಾವು ಸುಮ್ಮನಾಗಿದ್ದೆವು.

ಕಾಲೇಜಿನ ಪ್ರವಾಸ ಈಗಲೂ ಅಲ್ಲಿಗೆ ಹೋಗುತ್ತದೆಂದು ಕೇಳಿ ಸಂತೋಷವಾಯಿತು. ಅಧ್ಯಾಪಕರಲ್ಲಿ ಒಂದೇ ವಿನಂತಿ: ಬೆಳಗಿನ ಹೊತ್ತನ್ನು ಚಿಕ್ಕಬೆಟ್ಟಕ್ಕೆ ಇಡಿ. ಬರಿಗಾಲಲ್ಲಿ ಹತ್ತಬೇಕು, ಬಂಡೆ ಇನ್ನೂ ಕಾದಿರುವುದಿಲ್ಲ. ಓರೆ ಬಿಸಿಲಿನಲ್ಲಿ ಶಾಸನದ ಅಕ್ಷರಗಳೂ ಚೆನ್ನಾಗಿ ಕಾಣುತ್ತವೆ.