ನೂರು ಗಜ, ನೂರು ಮೀಟರ್

ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಹತ್ತು ದಿನ ಧೂಳು, ಹೊಗೆ ತಾಗಬಾರದು ಅಂದಿದ್ದರು ಡಾಕ್ಟರು. ನಮ್ಮ ಅಂಗಡಿಯಲ್ಲಿ ಇರೋದೇ ಅವೆರಡು. ಹಾಗಾಗಿ ನಾನು ರಜೆ ಹಾಕಿ ಬೆಂಗಳೂರಿನಿಂದ ಬಂದು ಗಲ್ಲಾದಲ್ಲಿ ಕೂತೆ. 2025ರ ಜುಲೈ ಮಾತು ಇದು.

ಅಂಗಡಿ ಅಂದರೆ ದೊಡ್ಡದೇನಲ್ಲ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರು, ಹೈಸ್ಕೂಲು ದಾಟಿ ರಸ್ತೆ ತಿರುಗುವ ಕಡೆ ಒಂದು ತಗಡಿನ ಪೆಟ್ಟಿಗೆ ಅಂಗಡಿ. ಮುಂದೆ ಸಾಲಾಗಿ ಭರಣಿಗಳು: ನಿಪ್ಪಟ್ಟು, ಕಡ್ಲೆ ಮಿಠಾಯಿ, ಕೊಬ್ಬರಿ ಮಿಠಾಯಿ. ಮೇಲೆ ಶಾಂಪೂ ಸರ. ಅದರ ಪಕ್ಕ ಪಾನ್ ಮಸಾಲಾ ಸರ, ಅದರ ಪಕ್ಕ ತಂಬಾಕಿನ ಸರ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದಮೇಲೆ ಒಂದು ಪೊಟ್ಟಣ ಇದ್ದದ್ದು ಎರಡಾಯಿತು, ಅಷ್ಟೇ. ಗಿರಾಕಿ ಎರಡನ್ನೂ ಹಲ್ಲಲ್ಲಿ ಹರಿದು, ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಕಂಬಕ್ಕೆ ದಾರ ಕಟ್ಟಿದ ಒಂದು ಲೈಟರ್ ನೇತಾಡುತ್ತಿರುತ್ತದೆ.

ಮೂರು ದಿನ ಕೂತಿದ್ದರಲ್ಲಿ ಪೂರ್ತಿ ಪ್ಯಾಕ್ ಸಿಗರೇಟು ಕೇಳಿದವರು ನಾಲ್ಕೇ ಜನ. ಮಿಕ್ಕವರೆಲ್ಲ 'ಒಂದು ಕಿಂಗ್ ಕೊಡಪ್ಪ' ಅನ್ನುವವರೇ. ಪ್ಯಾಕಿನ ಎರಡೂ ಕಡೆ ನೂರಕ್ಕೆ 85 ಭಾಗ ರೋಗದ ಚಿತ್ರ, ಎಚ್ಚರಿಕೆ ಬರಹ ಹಾಕಬೇಕು ಅಂತ 2016ರಿಂದ ನಿಯಮ ಇದೆ. ಆದರೆ ಒಂದೊಂದೇ ಕೊಳ್ಳುವವರ ಕೈಗೆ ಪ್ಯಾಕೇ ಹೋಗಲ್ಲ. ಆ ಚಿತ್ರವನ್ನು ದಿನವಿಡೀ ನೋಡುವವನು ಅಂಗಡಿಯವನೊಬ್ಬನೇ. ನನಗಂತೂ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ನಾಲ್ಕನೇ ದಿನ ಹನ್ನೊಂದು ಗಂಟೆಗೆ ಜೀಪು ಬಂತು. ಆರೋಗ್ಯ ಇಲಾಖೆಯವರು ಇಬ್ಬರು, ಪುರಸಭೆಯವರು ಒಬ್ಬರು, ಜೊತೆಗೆ ಒಬ್ಬ ಪೊಲೀಸ್. ಎದುರಿನ ಜೆರಾಕ್ಸ್ ಅಂಗಡಿಯವನು ಸನ್ನೆ ಮಾಡುವಷ್ಟರಲ್ಲಿ ಅವರು ಮುಂದೆಯೇ ನಿಂತಿದ್ದರು.

"ಬೋರ್ಡ್ ಎಲ್ಲಿ?" ಅಂದರು ಮೇಡಂ.

ಬೋರ್ಡ್ ಇತ್ತು. ಚಿಪ್ಸ್ ಸರದ ಹಿಂದೆ ಇತ್ತು. ಸರಿಸಿ ತೋರಿಸಿದೆ. 18 ವರ್ಷದೊಳಗಿನವರಿಗೆ ತಂಬಾಕು ಮಾರುವುದು ಅಪರಾಧ ಅಂತ ಬರೆದಿತ್ತು.

"ಇದು ಹಳೇದು. ಈಗ 21. ಮೇ ಕೊನೆಗೇ ಜಾರಿ ಆಗಿದೆ. ಬಿಡಿ ಸಿಗರೇಟೂ ಮಾರೋ ಹಾಗಿಲ್ಲ. ಗೊತ್ತಾ?"

ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತೋ ಏನೋ. ಗೊತ್ತಿದ್ದೂ ಸುಮ್ಮನಿದ್ದರೋ ಏನೋ.

ಆಮೇಲೆ ಟೇಪು ತೆಗೆದರು. ಸ್ಕೂಲಿನಿಂದ ಇಷ್ಟು ದೂರದೊಳಗೆ ತಂಬಾಕು ಮಾರೋ ಹಾಗಿಲ್ಲ ಅಂತ ನಿಯಮ. ಸ್ಕೂಲಿನ ಗೇಟಿನ ಹತ್ತಿರ ಒಬ್ಬರು ತುದಿ ಹಿಡಿದು ನಿಂತರು, ಇನ್ನೊಬ್ಬರು ರಸ್ತೆ ಗುಂಟ ಬಂದರು. ಟೇಪು ಮುಗಿದಲ್ಲಿ ಸೀಮೆಸುಣ್ಣದ ಗೆರೆ, ಮತ್ತೆ ಅಲ್ಲಿಂದ ಶುರು. ನಮ್ಮ ಹೊಸ್ತಿಲಿಗೆ ಬಂದಾಗ 118 ಮೀಟರ್. ಉಸಿರು ಬಿಟ್ಟೆ. ಆದರೆ ಮೇಡಂ ತಲೆ ಅಲ್ಲಾಡಿಸಿದರು. "ರಸ್ತೆ ಸುತ್ತಿ ಅಲ್ಲಪ್ಪಾ, ನೆಟ್ಟಗೆ ಅಳೀಬೇಕು. ಕಾಂಪೌಂಡ್ ಗೋಡೆಯ ಹೊರಗಿನ ಅಂಚಿಂದ."

ನೆಟ್ಟಗೆ ಅಂದರೆ ಮಧ್ಯೆ ಟೆಂಟ್ ಹೌಸಿನ ಗೋದಾಮು ಅಡ್ಡ. ಟೇಪು ಹೋಗಲ್ಲ. ಪುರಸಭೆಯವರು ಮೊಬೈಲಿನಲ್ಲಿ ಮ್ಯಾಪ್ ತೆಗೆದು, ಗೋಡೆಯ ಮೂಲೆಯಿಂದ ನಮ್ಮ ತಗಡಿನವರೆಗೆ ಬೆರಳಲ್ಲಿ ಒಂದು ಗೆರೆ ಎಳೆದರು. 95 ಮೀಟರ್.

ಅಲ್ಲೇ ಕೆಟ್ಟದ್ದು ನೋಡಿ. 2003ರ ಕೇಂದ್ರದ ಕಾಯ್ದೆಯಲ್ಲಿ ಇದ್ದದ್ದು ನೂರು ಗಜ. ನೂರು ಗಜ ಅಂದರೆ 91 ಮೀಟರ್ ಚಿಲ್ಲರೆ. ಆ ಲೆಕ್ಕಕ್ಕೆ ನಾವು ಗೆರೆಯಿಂದ ಆಚೆ. ರಾಜ್ಯದ ತಿದ್ದುಪಡಿಯಲ್ಲಿ ಅದು ನೂರು ಮೀಟರ್ ಆಗಿದೆ. ಈಗ ಈಚೆ. ಅಂಗಡಿ ಒಂದು ಅಂಗುಲವೂ ಕದಲಿಲ್ಲ, ಗೆರೆಯೇ ನಮ್ಮನ್ನು ದಾಟಿಕೊಂಡು ಹೋಯಿತು.

ದಂಡ ಮೊದಲು 200 ರೂಪಾಯಿವರೆಗೆ ಇದ್ದದ್ದು ಈಗ 1000 ಆಗಿದೆಯಂತೆ. ಮೊದಲ ಸಲ ಅಂತ ಹಾಕಲಿಲ್ಲ. ಒಂದು ಹಾಳೆಗೆ ಸಹಿ ಮಾಡಿಸಿಕೊಂಡರು. ಹೋಗುವಾಗ ಮೇಡಂ, "ನಿಮ್ಮ ಮಕ್ಕಳೂ ಸ್ಕೂಲಿಗೆ ಹೋಗ್ತಾರಲ್ವಾ?" ಅಂದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾಕಂದರೆ ಹತ್ತನೇ ಕ್ಲಾಸಿನಲ್ಲಿ ನಾನೇ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ 'ಅಪ್ಪಂಗೆ' ಅಂತ ಸುಳ್ಳು ಹೇಳಿ ಒಂದು ಸಿಗರೇಟು ತಂದಿದ್ದೆ, ಮೂವರು ಸೇರಿ ಸೇದಿದ್ದೆವು. ಪೂರ್ತಿ ಪ್ಯಾಕ್ ಕೊಳ್ಳಬೇಕು ಅಂದಿದ್ದರೆ ನಮ್ಮ ಜೇಬಿಗೆ ಆಗುತ್ತಿರಲಿಲ್ಲ. ಬಿಡಿ ಮಾರಾಟ ನಿಲ್ಲಿಸಿದ್ದು ಸರಿಯಾಗಿಯೇ ಇದೆ ಅಂತ ಈಗಲೂ ಅನ್ನಿಸುತ್ತದೆ. ಅದರ ಪೆಟ್ಟು ಮೊದಲು ಬೀಳೋದು ಅಪ್ಪನಂಥವರ ಗಲ್ಲಾಕ್ಕೆ ಅನ್ನೋದೂ ಅಷ್ಟೇ ನಿಜ.

ಸಂಜೆ ಮನೆಯಲ್ಲಿ ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಎಲ್ಲ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ.

"ಯಾವ ಗೋಡೆಯಿಂದ ಅಳೆದ್ರು? ಹಳೇ ಬೇಲಿಯಿಂದಾನಾ, ಹೊಸ ಗೋಡೆಯಿಂದಾನಾ?"

"ಬೇಲಿ ಎಲ್ಲಿದೆ ಈಗ? ಗೋಡೆಯಿಂದಾನೇ."

"ಬೇಲಿ ಎಂಟು ಹತ್ತು ಮೀಟರ್ ಒಳಗಿತ್ತು ಕಣೋ. ಹೆಡ್‌ಮಾಸ್ಟರು ಗೋಡೆ ಕಟ್ಟಿಸ್ತೀವಿ ಅಂತ ಬಂದಾಗ ಎರಡು ಮೂಟೆ ಸಿಮೆಂಟ್ ನಾನೇ ಕೊಡಿಸಿದ್ದೆ."

ಒಳಗಿಂದ ಅಮ್ಮ ನಕ್ಕಿದ್ದು ಕೇಳಿಸಿತು. ಅಪ್ಪನೂ ನಕ್ಕರು. ಡ್ರಾಪ್ಸ್ ಹಾಕುವ ಹೊತ್ತಾಗಿತ್ತು, ತಲೆ ಹಿಂದಕ್ಕೆ ಮಾಡಿದರು. "ನಾಳೆ ಬೆಳಿಗ್ಗೆ ಎಲ್ಲ ಇಳಿಸಿಬಿಡು. ಏಜೆನ್ಸಿಯವನು ವಾಪಸ್ ತಗೊಂಡ್ರೆ ಕೊಡು" ಅಂದರು.

ಮಾರನೇ ದಿನ ಎರಡೂ ಸರ ಬಿಚ್ಚಿದೆ. ಸಿಗರೇಟಿನ ಗೂಡಿನಲ್ಲಿ ಪೆನ್ಸಿಲ್, ರಬ್ಬರ್ ಇಟ್ಟೆ. ದಿನಾ ಬರುವ ಆಟೋದವರೊಬ್ಬರು ಬಂದರು. ಇಲ್ಲ ಅಂದೆ. ಏನೂ ಅನ್ನದೆ ಬಸ್ ಸ್ಟ್ಯಾಂಡ್ ಕಡೆ ನಡೆದರು. ಸಿಗರೇಟಿನ ಜೊತೆ ಅವರು ದಿನಾ ತಗೊಳ್ಳುತ್ತಿದ್ದ ನಿಪ್ಪಟ್ಟೂ ಹೋಯಿತು ಅಂದುಕೊಂಡೆ. ವ್ಯಾಪಾರ ಕೂರೋದು ಹೀಗೇ, ಒಂದರ ಹಿಂದೆ ಒಂದು.

ಹತ್ತು ನಿಮಿಷ ಬಿಟ್ಟು ಅದೇ ಮನುಷ್ಯ ಕಿವಿ ಮೇಲೆ ಸಿಗರೇಟು ಸಿಕ್ಕಿಸಿಕೊಂಡು ವಾಪಸ್ ಬಂದರು. ಕಂಬದ ಕಡೆ ನೋಡಿದರು. ಲೈಟರ್ ಬಿಚ್ಚೋದು ಮರೆತಿತ್ತು.

"ನಿಪ್ಪಟ್ಟಾದರೂ ಇದೆಯಾ, ಅದಕ್ಕೂ ಅಳತೆ ಹಾಕಿದ್ರಾ?" ಅಂದರು.

ಎರಡು ನಿಪ್ಪಟ್ಟು ಕಟ್ಟಿಕೊಟ್ಟೆ. ಹತ್ತು ರೂಪಾಯಿ.