ವಿಮೆ ಮುಗಿದ 19ನೆಯ ದಿನ

2024ರ ಆಗಸ್ಟ್ ತಿಂಗಳ ಒಂದು ಸಂಜೆ ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದ ನಾನು, ದೇವಿಮನೆ ಘಟ್ಟ ಇಳಿದು ಕತಗಾಲ ಹತ್ತಿರವಾಗುವ ಹೊತ್ತಿಗೆ, ಜೋರು ಮಳೆಯಲ್ಲಿ ಮುಂದಿದ್ದ ಲಾರಿಯನ್ನು ಹಿಂದಿಕ್ಕಲು ಹೋಗಿ ಎದುರಿನಿಂದ ಬರುತ್ತಿದ್ದ ಸ್ಕೂಟರಿಗೆ ಕಾರು ಹೊಡೆಸಿದೆ. ತಪ್ಪು ಪೂರ್ತಿಯಾಗಿ ನನ್ನದು. ಸ್ಕೂಟರಿನಲ್ಲಿದ್ದವರು 34 ವರ್ಷದ ಬಡಗಿ. ಅವರ ಬಲಗಾಲಿನ ಎಲುಬು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಅವರನ್ನು ಕುಮಟಾದ ತಾಲೂಕು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ಶಸ್ತ್ರಚಿಕಿತ್ಸೆಗೆಂದು ಮಣಿಪಾಲದ ಕಡೆಗೆ ಆಂಬುಲೆನ್ಸ್ ಹೊರಟ ಮೇಲೆ ನಾನು ಠಾಣೆಗೆ ಹೋದೆ. ಕಾಗದಪತ್ರ ತೆಗೆದು ಮೇಜಿನ ಮೇಲೆ ಇಟ್ಟಾಗಲೇ ಗೊತ್ತಾದದ್ದು, ಕಾರಿನ ವಿಮೆ 19 ದಿನಗಳ ಹಿಂದೆಯೇ ಮುಗಿದುಹೋಗಿತ್ತು.

ವಿಮೆ ಮುಗಿದರೂ 90 ದಿನ ಸಮಯವಿರುತ್ತದೆ ಎಂದು ನಾನು ನಂಬಿದ್ದೆ, ನನ್ನಂತೆ ನಂಬಿದವರು ಊರಿನಲ್ಲಿ ಇನ್ನೂ ಅನೇಕರಿದ್ದಾರೆ. ಆ 90 ದಿನ ಇರುವುದು ಹಿಂದಿನ ವರ್ಷಗಳಲ್ಲಿ ಪರಿಹಾರ ಕೇಳದಿದ್ದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ ಉಳಿಯಲು ಮಾತ್ರ. ಅಪಘಾತದ ಹೊಣೆಯನ್ನು ವಿಮಾ ಕಂಪನಿ ಹೊರುವುದು ಪಾಲಿಸಿಯಲ್ಲಿ ಬರೆದ ಕೊನೆಯ ದಿನದ ಮಧ್ಯರಾತ್ರಿಯವರೆಗೆ ಅಷ್ಟೇ. ಅದರ ಮರುಕ್ಷಣದಿಂದ ರಸ್ತೆಯ ಮೇಲಿರುವ ವಾಹನ ಕಾನೂನಿನ ಕಣ್ಣಿನಲ್ಲಿ ವಿಮೆಯಿಲ್ಲದ ವಾಹನ. ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 146 ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ವಾಹನದಿಂದ ಬೇರೆಯವರಿಗಾದ ಹಾನಿಯನ್ನು ಭರಿಸುವ ವಿಮೆಯನ್ನು, ಕಡ್ಡಾಯಗೊಳಿಸಿದೆ. ಅದಿಲ್ಲದೆ ವಾಹನ ಓಡಿಸಿದರೆ ಕಲಂ 196ರ ಪ್ರಕಾರ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಆದರೆ ಈ ದಂಡ, ಮುಂದೆ ಬರಲಿದ್ದ ಹೊಣೆಯ ಎದುರು ಏನೂ ಅಲ್ಲ.

ಆ ರಾತ್ರಿಯೇ ಇಬ್ಬರು ಪರಿಚಿತರು ಎರಡು ಉಪಾಯ ಹೇಳಿದರು. ಒಬ್ಬರು, ಈಗಿಂದೀಗಲೇ ಫೋನಿನಲ್ಲಿ ಪಾಲಿಸಿ ಮಾಡಿಸಿ, ಅಪಘಾತ ಮರುದಿನ ಬೆಳಿಗ್ಗೆ ಆಯಿತೆಂದು ಬರೆಸಿ ಎಂದರು. ಇನ್ನೊಬ್ಬರು, ವಿಮೆಯಿರುವ ತಮ್ಮದೇ ಕಾರನ್ನು ಪೊಲೀಸರ ಎದುರು ತಂದು ನಿಲ್ಲಿಸುತ್ತೇನೆ ಎಂದರು. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದವರು, ಆದ್ದರಿಂದ ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಈ ಸುಳ್ಳಿನ ಹೊರೆ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಲೇಬೇಕು. ಪಾಲಿಸಿಯ ಮೇಲೆ ದಿನಾಂಕ ಮಾತ್ರವಲ್ಲ, ಅದು ಜಾರಿಗೆ ಬರುವ ಗಂಟೆ ನಿಮಿಷವೂ ಅಚ್ಚಾಗಿರುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಗಾಯಾಳುವನ್ನು ಕರೆತಂದ ಸಮಯವಿರುತ್ತದೆ. ಮೋಟಾರು ವಾಹನ ನಿರೀಕ್ಷಕರು ಎರಡೂ ವಾಹನಗಳ ಜಖಂ ಹೊಂದುತ್ತದೆಯೇ ಎಂದು ನೋಡಿ ವರದಿ ಕೊಡುತ್ತಾರೆ. ಇವುಗಳಲ್ಲಿ ಒಂದು ಹೊಂದದಿದ್ದರೂ ವಿಮಾ ಕಂಪನಿಯ ವಕೀಲರು ಇಡೀ ಪ್ರಕರಣವೇ ಸುಳ್ಳು ಎಂದು ವಾದಿಸುತ್ತಾರೆ, ಆಗ ನಿಜವಾಗಿ ಕಾಲು ಮುರಿದುಕೊಂಡ ಮನುಷ್ಯನ ಪರಿಹಾರವೇ ಬಿದ್ದುಹೋಗುತ್ತದೆ. ನಾನು ನಡೆದದ್ದನ್ನು ನಡೆದಂತೆಯೇ ಬರೆದುಕೊಟ್ಟೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಮತ್ತು 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು ಹೇಗೂ ಕಲಂ 134ರ ಪ್ರಕಾರ ಚಾಲಕನ ಕರ್ತವ್ಯ.

ಮರುದಿನ ನಮ್ಮ ವಕೀಲರು ಹೇಳಿದ ಒಂದು ಮಾತು ಮುಂದಿನ ಒಂದೂವರೆ ವರ್ಷ ನನಗೆ ದಾರಿ ತೋರಿಸಿತು. "ಮಾಸ್ತರೇ, ವಿಮೆ ಇದ್ದಿದ್ದರೆ ಕಂಪನಿ ಮಾಡುತ್ತಿದ್ದ ಕೆಲಸವನ್ನೆಲ್ಲ ಇನ್ನು ನೀವೇ ಮಾಡಬೇಕು," ಎಂದರು. ಅಂದರೆ ಬಿಲ್ಲುಗಳನ್ನು ಪರಿಶೀಲಿಸುವುದು, ನಷ್ಟದ ಲೆಕ್ಕ ಹಾಕುವುದು, ಅಪಘಾತ ಪರಿಹಾರದ ಅರ್ಜಿಗಳನ್ನು ತೀರ್ಮಾನಿಸುವ ನ್ಯಾಯಮಂಡಳಿಯಲ್ಲಿ ಹಾಜರಾಗುವುದು, ಕೊನೆಗೆ ಹಣ ಕೊಡುವುದು, ಎಲ್ಲವೂ ನನ್ನ ಪಾಲಿಗೆ.

ಮೊದಲ ತೊಡಕು ಕಾರಿನದ್ದೇ. ವಿಮೆಯಿಲ್ಲದ ವಾಹನದಿಂದ ಯಾರಿಗಾದರೂ ಗಾಯವಾದರೆ, ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆ ಒದಗಿಸದೆ ನ್ಯಾಯಾಲಯ ಅದನ್ನು ಬಿಡುಗಡೆ ಮಾಡುವುದಿಲ್ಲ. ಎರಡು ತಿಂಗಳು ಕಾರು ಠಾಣೆಯ ಅಂಗಳದಲ್ಲಿ ಮಳೆಗೆ ನೆನೆಯುತ್ತ ನಿಂತಿತು. ಕೊನೆಗೆ ನಮ್ಮ ಅಡಿಕೆ ತೋಟದ ಪಹಣಿ ಇಟ್ಟು, ಭಾವನವರ ಜಾಮೀನು ಕೊಡಿಸಿ ಬಿಡಿಸಿಕೊಂಡೆ. ಅದರ ರಿಪೇರಿಯ ಖರ್ಚನ್ನು ಯಾರೂ ಕೊಡುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಆಸ್ಪತ್ರೆಯ ಹಣ. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ 5ರಂದು ಜಾರಿಗೆ ಬಂತು, ಮತ್ತು ಡಿಕ್ಕಿ ಹೊಡೆದ ವಾಹನಕ್ಕೆ ವಿಮೆಯಿಲ್ಲದಿದ್ದರೂ ಅದು ಅನ್ವಯಿಸುತ್ತದೆ. ಇಂದು ಇಂಥ ಅವಘಡಕ್ಕೆ ಸಿಲುಕಿದವರು ಆಸ್ಪತ್ರೆಯಲ್ಲಿ ಮೊದಲು ಅದನ್ನು ಕೇಳಬೇಕು. ನಮ್ಮ ಕಾಲಕ್ಕೆ ಅದಿರಲಿಲ್ಲ. ಬಡಗಿಯವರ ಹೆಂಡತಿಗೆ ನಾನು 50,000 ರೂಪಾಯಿ ನಗದು ಕೊಡಹೋದಾಗ ಅವರು, "ದುಡ್ಡಿನ ಮಾತು ಆಮೇಲೆ ಮಾಸ್ತರೇ, ಮೊದಲು ಅವರು ಎದ್ದು ನಿಲ್ಲಲಿ," ಎಂದು ಹಿಂದೆ ಸರಿದರು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಆಮೇಲೆ ನಾನು ಒಟ್ಟು 90,000 ರೂಪಾಯಿಯನ್ನು ನೇರವಾಗಿ ಆಸ್ಪತ್ರೆಯ ಖಾತೆಗೆ ಹಾಕಿ ಪ್ರತಿ ರಸೀದಿಯ ಒಂದು ಪ್ರತಿ ಅವರಿಗೆ, ಒಂದು ನನಗೆ ಎಂದು ಇಟ್ಟೆ. ನಗದಾಗಿ ಕೊಟ್ಟದ್ದನ್ನು ಮುಂದೆ ಯಾರೂ ಲೆಕ್ಕಕ್ಕೆ ಹಿಡಿಯಲಾರರು, ಕೊಟ್ಟವರಿಗೂ ಪಡೆದವರಿಗೂ ಅದರಿಂದ ಮನಸ್ತಾಪವೇ ಉಳಿಯುತ್ತದೆ.

ಛಾಪಾ ಕಾಗದದ ಮೇಲೆ ರಾಜಿ ಬರೆಸಿ ಮುಗಿಸಿಬಿಡಿ ಎಂದವರೂ ಇದ್ದರು. ಎಲುಬು ಕೂಡುವ ಮೊದಲೇ ಬರೆಸಿದ ರಾಜಿ ಗಾಯಾಳುವಿಗೆ ಮಾಡುವ ಅನ್ಯಾಯ, ಏಕೆಂದರೆ ಶಾಶ್ವತವಾಗಿ ಎಷ್ಟು ಊನ ಉಳಿಯುತ್ತದೆಂದು ಆಗ ವೈದ್ಯರಿಗೂ ಗೊತ್ತಿರುವುದಿಲ್ಲ. ಅಂಥ ಕಾಗದವಿದ್ದರೂ ಅವರು ನ್ಯಾಯಮಂಡಳಿಗೆ ಹೋಗುವುದು ತಪ್ಪುವುದಿಲ್ಲ. ಪೊಲೀಸ್ ಪ್ರಕರಣವೂ ಅದರಿಂದ ಮುಗಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 281ರ ಅಜಾಗರೂಕ ಚಾಲನೆಯ ಆರೋಪ ರಾಜಿಗೆ ಒಳಪಡುವಂಥದ್ದಲ್ಲ.

ಬಡಗಿಯವರು ಮೋಟಾರು ವಾಹನಗಳ ಕಾಯ್ದೆಯ ಕಲಂ 166ರ ಅಡಿಯಲ್ಲಿ 12 ಲಕ್ಷ ರೂಪಾಯಿ ಕೇಳಿ ಅರ್ಜಿ ಹಾಕಿದರು. ನೋಟಿಸು ಬಂದಾಗ ಹೆದರಿ ಹಾಜರಾಗದೆ ಉಳಿಯುವವರು ಬಹಳ. ಆಗ ತೀರ್ಪು ಏಕಪಕ್ಷೀಯವಾಗಿ ಆಗುತ್ತದೆ, ಹಣ ಕಟ್ಟದಿದ್ದರೆ ಕಲಂ 174ರ ಪ್ರಕಾರ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುತ್ತಾರೆ. ನಾನು ಹಾಜರಾದೆ, ತಪ್ಪನ್ನು ಅಲ್ಲಗಳೆಯಲಿಲ್ಲ, ಮೊತ್ತದ ಬಗ್ಗೆ ಮಾತ್ರ ಮಾತಾಡಿದೆ.

ಲೆಕ್ಕ ಹಾಕುವ ಕ್ರಮ ತಿಳಿದರೆ ಅರ್ಧ ಭಯ ಹೋಗುತ್ತದೆ. ಅವರ ದುಡಿಮೆ ತಿಂಗಳಿಗೆ 15,000 ರೂಪಾಯಿ ಎಂದು ಇಬ್ಬರೂ ಒಪ್ಪಿದೆವು. ವೈದ್ಯರು ಕಾಲಿನ ಊನ 30 ಪ್ರತಿಶತ ಎಂದು ಬರೆದಿದ್ದರು. ಒಂದು ಅಂಗದ ಊನದ ಮೂರನೆಯ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವುದು ನಮ್ಮಲ್ಲಿ ಸಾಮಾನ್ಯ ರೂಢಿ, ಆದ್ದರಿಂದ 10 ಪ್ರತಿಶತ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿ ವಯಸ್ಸಿಗೆ ತಕ್ಕ ಗುಣಕಗಳನ್ನು ಗೊತ್ತುಮಾಡಿದೆ. 31ರಿಂದ 35 ವರ್ಷದವರಿಗೆ ಅದು 16. ವರ್ಷದ ಆದಾಯ 1,80,000 ರೂಪಾಯಿಯನ್ನು 16ರಿಂದ ಗುಣಿಸಿ ಅದರ 10 ಪ್ರತಿಶತ ತೆಗೆದರೆ 2,88,000 ರೂಪಾಯಿ. ಇದಕ್ಕೆ ಆಸ್ಪತ್ರೆ ಮತ್ತು ಔಷಧಿಯ ಬಿಲ್ಲು 1,64,000, ನೋವು ಸಂಕಟಕ್ಕೆ 50,000, ಕೆಲಸವಿಲ್ಲದ ನಾಲ್ಕು ತಿಂಗಳಿಗೆ 60,000, ಆರೈಕೆ ಮತ್ತು ಓಡಾಟಕ್ಕೆ 30,000, ಮೊದಲಿನಂತೆ ಬದುಕಲಾಗದ ಕೊರತೆಗೆ 30,000 ಸೇರಿಸಿ ನಮ್ಮ ವಕೀಲರು ಒಟ್ಟು 6,22,000 ಎಂದರು. ಊನದ ಪ್ರಮಾಣದ ಬಗ್ಗೆ ವಾದ ಮಾಡಿದರೆ ಇನ್ನೂ ಇಳಿಸಬಹುದೆಂದೂ ಹೇಳಿದರು. ಕುಕ್ಕರಗಾಲಿನಲ್ಲಿ ಕುಳಿತು ಉಜ್ಜುಗೊರಡು ಹಿಡಿಯುವ ಮನುಷ್ಯನಿಗೆ 10 ಪ್ರತಿಶತ ಹೆಚ್ಚೆಂದು ವಾದಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಇದೇ ಸಂದರ್ಭದಲ್ಲಿ ಎರಡು ಮಾತು. ಡಿಕ್ಕಿ ಎದುರಿನವರ ತಪ್ಪಿನಿಂದ ಆಗಿದ್ದರೆ, ನಿಮ್ಮ ವಾಹನಕ್ಕೆ ವಿಮೆಯಿಲ್ಲವೆಂಬ ಕಾರಣಕ್ಕೆ ಅವರಿಂದ ಮತ್ತು ಅವರ ವಿಮಾ ಕಂಪನಿಯಿಂದ ಪರಿಹಾರ ಕೇಳುವ ನಿಮ್ಮ ಹಕ್ಕು ಹೋಗುವುದಿಲ್ಲ. 2,000 ರೂಪಾಯಿ ದಂಡ ಬೇರೆ, ಹಕ್ಕು ಬೇರೆ. ಇನ್ನೊಂದು, ಹಳೆಯ ಕಾರನ್ನು ಮಾರಿ ಆರ್‌ಸಿಯಲ್ಲಿ ಹೆಸರು ಬದಲಾಯಿಸದೆ ಬಿಟ್ಟವರು ನಮ್ಮ ಸೀಮೆಯಲ್ಲಿ ಬಹಳ ಮಂದಿ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಕೊಂಡವರು ವಿಮೆಯಿಲ್ಲದೆ ಓಡಿಸಿ ಯಾರಿಗಾದರೂ ಗಾಯ ಮಾಡಿದರೆ ನೋಟಿಸು ಬರುವುದು ಮಾರಿದವರ ಮನೆಗೆ.

ಪ್ರಕರಣವನ್ನು ಲೋಕ ಅದಾಲತ್ತಿಗೆ ಕಳಿಸಲು ಇಬ್ಬರೂ ಒಪ್ಪಿದೆವು. ಅಲ್ಲಿ ಒಪ್ಪಂದವಾದರೆ ಅದೇ ತೀರ್ಪು, ಮೇಲ್ಮನವಿಗೆಂದು ಹೈಕೋರ್ಟಿನ ಧಾರವಾಡ ಪೀಠದವರೆಗೆ ಯಾರೂ ಹೋಗಬೇಕಾಗಿಲ್ಲ. ಮೊತ್ತ 5,50,000 ರೂಪಾಯಿ ಎಂದು ತೀರ್ಮಾನವಾಯಿತು. ನಾನು ಆಸ್ಪತ್ರೆಗೆ ಕಟ್ಟಿದ 90,000 ರೂಪಾಯಿಯನ್ನು ಅವರು ತಾವಾಗಿಯೇ ಒಪ್ಪಿ ಕಳೆದರು. ಉಳಿದ 4,60,000 ರೂಪಾಯಿಯನ್ನು ಸೊಸೈಟಿಯ ಸಾಲ ಮತ್ತು ಆ ವರ್ಷದ ಅಡಿಕೆ ಮಾರಿದ ಹಣ ಕೂಡಿಸಿ ಮೂರು ಕಂತುಗಳಲ್ಲಿ ನ್ಯಾಯಾಲಯದಲ್ಲಿಯೇ ಜಮಾ ಮಾಡಿದೆ. ಮೂರನೆಯ ಕಂತಿನ ದಿನ ಅವರು ಊರುಗೋಲಿಲ್ಲದೆ ಮೆಟ್ಟಿಲು ಹತ್ತಿ ಬಂದಿದ್ದರು, ಆದರೆ ಮೊಣಕಾಲು ಪೂರ್ತಿ ಮಡಚಲು ಆಗುವುದಿಲ್ಲವೆಂದೂ ಈಗ ಎತ್ತರದ ಮೇಜಿನ ಮೇಲೆ ಮರ ಇಟ್ಟು ನಿಂತೇ ಕೆಲಸ ಮಾಡುತ್ತೇನೆಂದೂ ಹೇಳಿದರು. ಹಣ ಪೂರ್ತಿ ಸಂದಾಯವಾಗಿದೆ ಎಂಬ ಜ್ಞಾಪನಕ್ಕೆ ಇಬ್ಬರೂ ಸಹಿ ಹಾಕಿದೆವು. ಅದರ ದೃಢೀಕೃತ ಪ್ರತಿ ಪಡೆದು, ಕಾರಿನ ಬಿಡುಗಡೆಗೆ ಕೊಟ್ಟಿದ್ದ ಭದ್ರತೆಯನ್ನೂ ಭಾವನವರ ಜಾಮೀನನ್ನೂ ರದ್ದು ಮಾಡುವಂತೆ ಅದೇ ದಿನ ಅರ್ಜಿ ಹಾಕಿ ಶಿರಸಿಗೆ ಮರಳಿದೆ.